ಹದಿನೇಳು ಕಾಯಿಯ ಹಸಿರು ಚಿಪ್ಪು

ಬಿಯೆನ್ ಮೇಷ್ಟ್ರ ಬಾಳೆಚಿಪ್ಪಿನಲ್ಲಿ ಹದಿನೇಳು ಕಾಯಿಗಳಿದ್ದವು. ವರ್ಷದ ಕೊನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ನೋಡಿದರೆ ಹದಿನಾರು ಹಸಿರಾಗಿದ್ದವು, ಹದಿನೇಳನೆಯದರ ತುದಿಯಲ್ಲಿ ಎಳ್ಳುಕಾಳಿನಷ್ಟು ಹಳದಿ ಇತ್ತು.

ಬೇರೆ ಕಡೆಯವರು ನಗಬಹುದು. ನಮ್ಮ ನಾಮ್ ದಿನ್ ಊರಿನಲ್ಲಿ ಯಾರೂ ನಗುವುದಿಲ್ಲ. ಹೊಸವರ್ಷದ ತೆತ್ ಹಬ್ಬದ ಹಿಂದಿನ ಸಂಜೆ, ಗತಿಸಿದ ಹಿರಿಯರ ಪೀಠದ ಮೇಲೆ ಹಣ್ಣಿನ ತಟ್ಟೆ ಇಡಬೇಕು. ತಟ್ಟೆಯ ತಳಕ್ಕೆ ಬೊಗಸೆಯ ಹಾಗೆ ಬಾಗಿದ ಬಾಳೆಚಿಪ್ಪು, ಅದರ ಮಡಿಲಲ್ಲಿ ಚಕ್ಕೋತ, ಸುತ್ತ ಮಿಕ್ಕಿದ್ದು. ಮಿಕ್ಕಿದ್ದೆಲ್ಲ ಹಣ್ಣಾಗಿರಲಿ, ಚಿಪ್ಪು ಮಾತ್ರ ಹಸಿರಾಗಿಯೇ ಇರಬೇಕು, ಕಾಯಿಗಳ ಲೆಕ್ಕ ಬೆಸವಾಗಿರಬೇಕು. ಹದಿನೇಳರ ಚಿಪ್ಪು ಸಂತೆಗೆ ಬಂದರೆ ಜನ ಮುಗಿಬೀಳುತ್ತಾರೆ. ಅದಕ್ಕೇ ಬಿಯೆನ್ ಐದು ದಿನ ಮೊದಲೇ ಕೊಂಡು ತಂದಿದ್ದ. ಮುಂದಾಲೋಚನೆ ಇರುವವರಿಗೆ ಆಗುವ ಕಷ್ಟಗಳೇ ಬೇರೆ.

ಚಿಪ್ಪು ಅವನ ಮನೆಗಲ್ಲ, ತಾಮ್ ಮನೆಗೆ. ತಾಮ್ ಅಂಚೆ ಕಚೇರಿಯಲ್ಲಿ ಮೊಹರು ಒತ್ತುವವಳು. ನಾಲ್ಕು ವರ್ಷದಿಂದ ಅವಳನ್ನು ಮದುವೆಯಾಗಬೇಕೆಂದು ಇವನು, ಇವನನ್ನೇ ಆಗಬೇಕೆಂದು ಅವಳು. ನಡುವೆ ಅವಳ ಅಪ್ಪ ಕಿಯೆಮ್. ಈತ ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದವನು. ಗಿರಣಿ ಬಿಟ್ಟರೂ ತಪಾಸಣೆ ಬಿಟ್ಟಿರಲಿಲ್ಲ. ಹಿಂದೆ ಬಂದಿದ್ದ ಒಬ್ಬ ಗಂಡನ್ನು ಅಂಗಿಯ ಗುಂಡಿಯೊಂದನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿಸಿದ್ದನೆಂದು ವಾಪಸು ಕಳಿಸಿದ್ದ. ಈ ವರ್ಷ ಹೇಳಿಬಿಟ್ಟಿದ್ದ: "ಮೇಷ್ಟ್ರು ಚಿಪ್ಪು ತರಲಿ. ಹದಿನೇಳು ಕಾಯಿ, ಹಸಿರು, ನಾಲ್ಕು ಗಂಟೆಗೆ ಸರಿಯಾಗಿ. ಒಂದು ಬಾಳೆಚಿಪ್ಪು ನೋಡ್ಕೊಳ್ಳೋಕೆ ಆಗ್ದೋನು ನನ್ನ ಮಗಳನ್ನೇನು ನೋಡ್ಕೋತಾನೆ?"

ಬಿಯೆನ್ ಆ ಎಳ್ಳಿನಷ್ಟು ಹಳದಿಯನ್ನು ದಿಟ್ಟಿಸಿದ. ಆಮೇಲೆ ಕಪಾಟಿನ ಮೂಲೆಯನ್ನು ದಿಟ್ಟಿಸಿದ. ಅಲ್ಲಿ ಆರು ಸಪೋಟಾ ಹಣ್ಣು, ಮೆತ್ತಗೆ, ಕಂಪು ಬೀರುತ್ತ ಕೂತಿದ್ದವು.

"ಅಜ್ಜೀ, ಇಲ್ಲಿ ಸಪೋಟಾ ಇಟ್ಟೋರು ಯಾರು?"

ಮನೆಯೊಡತಿ ಲುವಾ ಅಜ್ಜಿ ಅಡುಗೆಮನೆಯಿಂದ ತಲೆ ಹಾಕಿದಳು. "ನಾನೇ ಕಣೋ. ಪಾಪ, ಚಿಪ್ಪು ಒಂಟಿಯಾಗಿ ಕೂತಿತ್ತು. ಜೊತೆಗಿರ್ಲಿ ಅಂತ."

"ಹಣ್ಣಾದ ಸಪೋಟಾ ಗಾಳಿ ಬಿಡುತ್ತೆ ಅಜ್ಜಿ. ಎಥಿಲೀನ್ ಅಂತ. ಅದು ತಾಗಿದ್ರೆ ಕಾಯಿ ಹಣ್ಣಾಗುತ್ತೆ."

"ಅರವತ್ತು ವರ್ಷದಿಂದ ಅಕ್ಕಿ ಡಬ್ಬದಲ್ಲಿ ಕಾಯಿ ಹಣ್ಣು ಮಾಡ್ತಿದೀನಿ. ಅದು ಅಕ್ಕಿಯ ಗುಣ. ಗಾಳಿಯಂತೆ!"

"ಅಕ್ಕಿ ಬರೀ ಗಾಳಿನ ಹಿಡಿದಿಡುತ್ತೆ. ಕೆಲಸ ಮಾಡೋದು ಗಾಳೀನೇ. ಒಂದು ಕಾಯಿ ಶುರು ಮಾಡಿದ್ರೆ ಅದೂ ಗಾಳಿ ಬಿಡುತ್ತೆ, ಪಕ್ಕದ್ದಕ್ಕೆ ಹೇಳುತ್ತೆ, ಪಕ್ಕದ್ದು ಅದರ ಪಕ್ಕದ್ದಕ್ಕೆ ಹೇಳುತ್ತೆ..."

"ಹಾಗಾದ್ರೆ ನಮ್ಮ ಓಣಿ ಹೆಂಗಸರ ಥರಾನೇ," ಎಂದು ಅಜ್ಜಿ ಸಪೋಟಾ ಎತ್ತಿಕೊಂಡು ಹೋದಳು.

ಬಿಯೆನ್ ಸೋಲೊಪ್ಪುವ ಆಳಲ್ಲ. ಹತ್ತು ವರ್ಷದಿಂದ ಶಾಲೆಯಲ್ಲಿ ರಸಾಯನಶಾಸ್ತ್ರದ, ಅದರಲ್ಲೂ ಆಲ್ಕೀನು ಎಂಬ ಇಂಗಾಲದ ಸಂಯುಕ್ತಗಳ ಪಾಠ ಮಾಡಿದವನು. ಅವುಗಳಲ್ಲೆಲ್ಲ ಚಿಕ್ಕದು ಈ ಎಥಿಲೀನ್, ಅದರ ಬಲಹೀನತೆ ಎಲ್ಲಿದೆಯೆಂದು ಅವನಿಗೆ ಗೊತ್ತು. ಸೊಪ್ಪು ತೊಳೆಯಲು ಎಲ್ಲರ ಮನೆಯಲ್ಲೂ ಇರುವ ಪರ್ಮಾಂಗನೇಟಿನ ನೇರಳೆ ಹರಳನ್ನು ನೀರಿನಲ್ಲಿ ಕರಗಿಸಿದ. ಒಂದು ಪೆಟ್ಟಿಗೆ ಸೀಮೆಸುಣ್ಣವನ್ನು ಅದರಲ್ಲಿ ಅದ್ದಿ, ಒಲೆಯ ಪಕ್ಕ ಒಣಗಿಸಿದ. ಅರ್ಧದಷ್ಟನ್ನು ಪುಡಿ ಮಾಡಿ ಎರಡು ಬಿಳಿ ಬಟ್ಟೆಯ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ. ಬಿಸ್ಕತ್ತು ಬರುವ ದೊಡ್ಡ ತಗಡಿನ ಡಬ್ಬದಲ್ಲಿ ಚಿಪ್ಪನ್ನಿಟ್ಟು, ಒಂದು ಚೀಲವನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟು, ಮುಚ್ಚಳ ಬಿಗಿದ. ಚಿಪ್ಪು ಬಿಡುವ ಗಾಳಿಯನ್ನೆಲ್ಲ ನೇರಳೆ ಸುಣ್ಣ ತಿಂದುಹಾಕಬೇಕು. ಅಷ್ಟು ಹೊತ್ತಿಗೆ ಅವನ ಹತ್ತೂ ಬೆರಳು ಕಂದುಬಣ್ಣಕ್ಕೆ ತಿರುಗಿದ್ದವು. ಸಾಬೂನು ಹಾಕಿ ಉಜ್ಜಿದ, ಹೋಗಲಿಲ್ಲ. ಇರಲಿ, ಯಾರು ನೋಡುತ್ತಾರೆ ಎಂದುಕೊಂಡ.

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಹೊಗೆ ಬಂತು.

ಓಣಿಯ ನಟ್ಟನಡುವೆ, ಅವನ ಬಾಗಿಲಿಗೆ ಮೂರೇ ಮೂರು ಹೆಜ್ಜೆಯಲ್ಲಿ, ಹಬ್ಬದ ಎಲೆಕಡುಬಿನ ಹಂಡೆ ಕುದಿಯುತ್ತಿತ್ತು. ಇಡೀ ಓಣಿಗೆ ಒಂದೇ ಹಂಡೆ. ಅದರ ಉಸ್ತುವಾರಿ ಕ್ಷೌರಿಕ ಕೌ ಮತ್ತು ಅವನ ಹೆಂಡತಿ ಮೀತ್ ಅವರದು. ಗಂಡ ಸೌದೆ ತುರುಕುತ್ತಾನೆ, ಹೆಂಡತಿ ಅದನ್ನು ಈಚೆಗೆಳೆಯುತ್ತಾಳೆ. ಮದುವೆಯಾದಂದಿನಿಂದ ಅವರ ಸಂಸಾರ ಹೀಗೇ.

"ಕೌ ಮಾವ, ಹಂಡೇನ ಆಚೆ ತುದಿಗೆ ಸರಿಸೋಣ," ಎಂದ ಬಿಯೆನ್.

"ತಲೆ ಕೆಟ್ಟಿದೆಯಾ ಮೇಷ್ಟ್ರೇ? ಎಂಬತ್ತು ಕಡುಬಿದೆ ಒಳಗೆ."

"ಸೌದೆ ಹೊಗೇಲೂ ಎಥಿಲೀನ್ ಇದೆ. ನನ್ನ ಬಾಳೆಕಾಯಿ ಹಣ್ಣಾಗುತ್ತೆ."

ಓಣಿಗೆ ಇಷ್ಟು ಸಾಕಾಯಿತು. ಅರ್ಧ ಗಂಟೆಯಲ್ಲಿ ಹನ್ನೊಂದು ಮನೆಯವರು ಸೇರಿದರು. ಮೇಷ್ಟ್ರ ಮದುವೆ ಬಾಳೆಕಾಯಿಯ ತುದಿಯಲ್ಲಿ ನೇತಾಡುತ್ತಿದೆ ಎಂದು ಎಲ್ಲರಿಗೂ ಗೊತ್ತು. ಎಲ್ಲರಲ್ಲೂ ಒಂದೊಂದು ಉಪಾಯವಿತ್ತು. ಬಾವಿಗೆ ಇಳಿಬಿಡಿ ಎಂದರು, ಉಪ್ಪು ಸವರಿ ಎಂದರು. ಕೌ ತನ್ನ ಅಂಗಡಿಯಿಂದ ಒಂದು ಕುಂಚ ತಂದ.

"ಮುದುಕರ ಬಿಳಿ ಮೀಸೇನೇ ಕಪ್ಪು ಮಾಡ್ತೀನಿ, ಎಳ್ಳಿನಷ್ಟು ಹಳದಿ ಯಾವ ಲೆಕ್ಕ? ಹಸಿರು ಬಣ್ಣ ಒಂದು ಚುಕ್ಕೆ ಇಟ್ರೆ ಆ ಮುದುಕನಿಗಲ್ಲ, ಅವನಪ್ಪನಿಗೂ ಗೊತ್ತಾಗಲ್ಲ."

"ಚಿಪ್ಪು ಹೋಗೋದೇ ಅವರಪ್ಪನ ಮುಂದಕ್ಕೆ," ಎಂದ ಬಿಯೆನ್ ಖಡಕ್ಕಾಗಿ. "ಹಿರಿಯರಿಗೆ ಬಣ್ಣ ಬಳಿದ ಕಾಯಿ ಕೊಡಲ್ಲ. ನಾನು ಮೋಸ ಮಾಡಿ ಮದುವೆ ಆಗಲ್ಲ."

ಒಳ್ಳೆಯ ಮಾತೇ. ಸಂಜೆ ಇದೇ ಮಾತು ಅವನ ಕಾಲಿಗೆ ತೊಡರಿತು ಎನ್ನುವುದು ಬೇರೆ ವಿಷಯ.

"ಅಲ್ಲ ಮೇಷ್ಟ್ರೇ," ಎಂದಳು ಮೀತ್, "ಕಣ್ಣಿಗೆ ಕಾಣದ ಗಾಳೀನ ಸುಣ್ಣ ಹೇಗೆ ತಿನ್ನುತ್ತೆ?"

ಮೇಷ್ಟ್ರ ಮುಂದೆ ಯಾರೂ ಈ ಥರದ ಪ್ರಶ್ನೆ ಕೇಳಬಾರದು. ಬಿಯೆನ್ ಅಂಗಿಯ ತೋಳು ಮಡಚಿದ.

"ಕೌ ಮಾವ, ಮೀತ್ ಅತ್ತೆ, ಎದುರುಬದುರು ನಿಲ್ಲಿ. ನೀವಿಬ್ರೂ ಒಂದೊಂದು ಇಂಗಾಲ. ಒಂದು ಕೈ ಹಿಡ್ಕೊಳ್ಳಿ."

ಓಣಿ ಉಸಿರು ಬಿಗಿಹಿಡಿಯಿತು. ಇಪ್ಪತ್ತು ವರ್ಷದಲ್ಲಿ ಅವರು ಕೈ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಮೀತ್ ಒಲೆಯ ಕೆಂಡಕ್ಕಿಂತ ಕೆಂಪಾಗಿ ಕೈ ಚಾಚಿದಳು.

"ಒಂದೇ ಕೈ ಆದ್ರೆ ಇದು ಏಕಬಂಧ. ಹೇಗೆ ಬೇಕಾದ್ರೂ ತಿರುಗಬಹುದು. ತಿರುಗಿ ಮಾವ." ಕೌ ಒಂದು ಸುತ್ತು ತಿರುಗಿದ. "ಈಗ ಎರಡೂ ಕೈ ಹಿಡ್ಕೊಳ್ಳಿ. ಇದು ದ್ವಿಬಂಧ. ಈಗ ತಿರುಗಿ."

ಕೌ ತಿರುಗಲು ಹೋಗಿ ಭುಜ ಉಳುಕಿಸಿಕೊಂಡ.

"ಆಗಲ್ಲ! ಎರಡು ಕೈ ಕೂಡಿದ ಮೇಲೆ ತಿರುಗೋ ಸ್ವಾತಂತ್ರ್ಯ ಇಲ್ಲ."

"ಇದನ್ನ ಹೇಳೋಕೆ ಮೇಷ್ಟ್ರು ಬೇಕಿತ್ತಾ?" ಎಂದ ಕೌ.

ಬಿಯೆನ್ ಎರಡು ಟೋಪಿ ತಂದು ಇಬ್ಬರ ಒಂದೊಂದು ಭುಜಕ್ಕೆ ತೂಗುಹಾಕಿದ. "ನೋಡಿ, ಎರಡು ಟೋಪೀನೂ ಹಂಡೆ ಕಡೆ ಇದ್ರೆ ಒಂದು ಪದಾರ್ಥ. ಒಂದು ಹಂಡೆ ಕಡೆ, ಇನ್ನೊಂದು ಗೋಡೆ ಕಡೆ ಇದ್ರೆ ಬೇರೆ ಪದಾರ್ಥ. ಅದೇ ಆಳು, ಅದೇ ಟೋಪಿ, ಆದ್ರೆ ಗುಣ ಬೇರೆ. ತಿರುಗೋ ಹಾಗಿಲ್ವಲ್ಲ, ಅದಕ್ಕೆ ಒಂದು ಇನ್ನೊಂದು ಆಗಲ್ಲ. ಇಂಥ ಜೋಡಿಗೆ ಸಮಾಂಗಿ ಅಂತಾರೆ."

"ಗೊತ್ತಾಯ್ತು," ಎಂದಳು ಮೀತ್. "ಇವರೂ ಅಂಗಡೀಲಿ ಒಂದು ಪದಾರ್ಥ, ಮನೇಲಿ ಒಂದು."

ಓಣಿಯೆಲ್ಲ ನಕ್ಕಿತು. ಬಿಯೆನ್‌ಗೆ ಹುಮ್ಮಸ್ಸು ಏರಿತು. "ನಮ್ಮ ಎಥಿಲೀನಿಗೆ ಟೋಪಿ ಇಲ್ಲ, ಅದಕ್ಕೆ ಈ ರಗಳೆಯೂ ಇಲ್ಲ. ಆದ್ರೆ ದ್ವಿಬಂಧದಲ್ಲಿ ಒಂದು ಗುಟ್ಟಿದೆ. ಎರಡು ಹಿಡಿತದಲ್ಲಿ ಒಂದು ಗಟ್ಟಿ, ಇನ್ನೊಂದು ಸಡಿಲ. ನೇರಳೆ ಸುಣ್ಣದಂಥ ಆಸೆಬುರುಕ ಹತ್ತಿರ ಬಂದ್ರೆ ಸಾಕು, ಇಬ್ಬರೂ ಆ ಸಡಿಲ ಕೈ ಬಿಟ್ಟು ಅದನ್ನ ಹಿಡ್ಕೋತಾರೆ. ಆಮೇಲೆ ಅದು ಎಥಿಲೀನೇ ಅಲ್ಲ."

ಮೀತ್ ಗಂಡನ ಮುಖ ನೋಡಿದಳು. "ಯಾರನ್ನ ಹಿಡ್ಕೊಳ್ಳೋದು?"

"ನನ್ನನ್ನ ಯಾಕೆ ಕೇಳ್ತೀಯ? ಮೇಷ್ಟ್ರು ಹೇಳಿದ್ದು."

"ಸಡಿಲ ಕೈ ಯಾವುದು, ಅದನ್ನ ಹೇಳಿ ಮೊದಲು. ಶ್ಯಾವಿಗೆ ಅಂಗಡಿಯೋಳು ಕೂದಲು ಕತ್ತರಿಸಿಕೊಳ್ಳೋಕೆ ತಿಂಗಳಿಗೆ ಮೂರು ಸಲ ಬರ್ತಾಳಲ್ಲ, ಅವಳ ತಲೇಲಿ ಅಷ್ಟು ಕೂದಲಾದ್ರೂ ಎಲ್ಲಿದೆ?"

ಕೌ ಎರಡೂ ಕೈ ಬಿಟ್ಟ. ಮೀತ್ ಸೌದೆ ಎತ್ತಿಕೊಂಡಳು. ಹನ್ನೊಂದು ಮನೆಯವರು ಇಬ್ಬರನ್ನೂ ಬಿಡಿಸುವುದರಲ್ಲಿ ಹಂಡೆಯ ನೀರು ಒಂದಿಷ್ಟು ಉಕ್ಕಿ ಬೆಂಕಿಯ ಮೇಲೆ ಸುರಿಯಿತು. ಮೊದಲಿಗಿಂತ ಮೂರು ಪಟ್ಟು ಹೊಗೆ ಎದ್ದು ಬಿಯೆನ್ ಮನೆಯೊಳಗೆ ನುಗ್ಗಿತು.

ಅವನು ಕೆಮ್ಮುತ್ತ ಓಡಿ ಬಂದು ನೋಡಿದರೆ ಅಜ್ಜಿ ಡಬ್ಬದ ಮುಚ್ಚಳ ತೆಗೆದುಕೊಂಡು ಕೂತಿದ್ದಳು. ಮಡಿಲಲ್ಲಿ ಸೂಜಿದಾರ, ಒಂದು ತುಂಡು ಹಸಿರು ಬಟ್ಟೆ.

"ಅಜ್ಜೀ! ಮುಚ್ಚಳ!"

"ಕೂಗಬೇಡ. ಸಪೋಟಾ ಇಟ್ಟು ತಪ್ಪು ಮಾಡಿದೆ ಅಂತ ಮನಸ್ಸಿಗೆ ಹತ್ತಿತ್ತು. ಏನೋ ಸ್ವಲ್ಪ ಸರಿ ಮಾಡಿದೆ. ತಗೋ, ನಿನ್ನ ಚಿಪ್ಪು." ಅವಳು ಮುಚ್ಚಳ ಬಿಗಿದು ಅದರ ಮೇಲೆರಡು ಸಲ ತಟ್ಟಿದಳು.

ಏನು ಸರಿ ಮಾಡಿದೆ ಎಂದು ಕೇಳಲು ಅವನಿಗೆ ವ್ಯವಧಾನವಿರಲಿಲ್ಲ. ಗಂಟೆ ಎರಡೂವರೆ. ಕಿಯೆಮ್ ಮನೆ ನಾಲ್ಕು ಕಿಲೋಮೀಟರು.

"ಹತ್ತಿ ಮೇಷ್ಟ್ರೇ, ಬಿಟ್ಟು ಬರ್ತೀನಿ," ಎಂದ ಕೌ, ಮೋಟಾರುಬೈಕನ್ನು ಈಚೆಗೆ ತಳ್ಳಿ. ಅವನಿಗೂ ಮನೆಯಿಂದ ಪಾರಾಗಬೇಕಿತ್ತು.

"ಬೇಡ ಮಾವ. ಬೈಕಿನ ಹೊಗೇಲೂ ಎಥಿಲೀನ್."

"ನಿಮ್ಮ ಎಥಿಲೀನ್ ಇಲ್ದೇ ಇರೋ ಜಾಗ ಯಾವುದು ಸ್ವಾಮಿ?"

"ಅದನ್ನೇ ಹುಡುಕ್ಕೊಂಡು ಹೋಗ್ತಿದೀನಿ," ಎಂದು ಬಿಯೆನ್ ಡಬ್ಬವನ್ನು ತಲೆಯ ಮೇಲಿಟ್ಟುಕೊಂಡು ಹೊರಟ.

ಹಬ್ಬದ ಹಿಂದಿನ ಮಧ್ಯಾಹ್ನ ನಮ್ಮ ರಸ್ತೆಗಳಲ್ಲಿ ನಡೆಯುವುದು ಹುಡುಗಾಟವಲ್ಲ. ಪೀಚ್ ಹೂವಿನ ಕೊಂಬೆ ಹೊತ್ತ ಬೈಕುಗಳು, ಕುಂಡದ ಕಿತ್ತಳೆ ಗಿಡ ಹೊತ್ತ ಬೈಕುಗಳು, ಎಲ್ಲರಿಗೂ ಅವಸರ. ಬಿಯೆನ್ ದೊಡ್ಡ ರಸ್ತೆ ಬಿಟ್ಟು ಕೆರೆ ಏರಿ ಹಿಡಿದ. ಅಲ್ಲಿ ಒಂದು ಮನೆಯವರು ಊದುಬತ್ತಿ ಕಟ್ಟು ಕಟ್ಟಾಗಿ ಹಚ್ಚಿದ್ದರು. ಏರಿ ಬಿಟ್ಟು ತರಕಾರಿ ಮಡಿಗಿಳಿದ. ಮೊಣಕಾಲುದ್ದ ಕೆಸರು, ಹಿಂದೆ ಎರಡು ಬಾತುಕೋಳಿ. ಸಂತೆಯ ಬಾಯಲ್ಲಿ ಪಪ್ಪಾಯಿ ರಾಶಿ ಕಂಡ ಕೂಡಲೇ ಹಾವು ಕಂಡವನಂತೆ ನಿಂತ. ಬಳಸಿ ಹೋಗಲು ದಾರಿಯಿರಲಿಲ್ಲ. ತಾನೂ ಉಸಿರು ಬಿಗಿಹಿಡಿದು, ಡಬ್ಬವನ್ನು ಎದೆಗವಚಿಕೊಂಡು, ಓಡಿಯೇ ದಾಟಿದ. ಬಾಳೆಕಾಯಿ ಅವನ ಮೂಗಿನಿಂದ ಉಸಿರಾಡುವುದಿಲ್ಲ ಎಂದು ಆಚೆ ದಡ ಸೇರಿದ ಮೇಲೆ ಹೊಳೆಯಿತು.

"ಬಿಸ್ಕತ್ತು ಏನು ರೇಟು?" ಎಂದು ದಾರಿಯಲ್ಲಿ ನಾಲ್ಕು ಜನ ಕೇಳಿದರು. ಅವನು ತಿರುಗಿಯೂ ನೋಡಲಿಲ್ಲ. ಹಠ ಹಿಡಿದವನಿಗೆ ಕಿವಿ ಕೇಳಿಸುವುದಿಲ್ಲ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಕಿಯೆಮ್ ಮನೆಯ ಗೇಟಿನ ಮರೆಯಲ್ಲಿ ಮುಚ್ಚಳ ತೆಗೆದ. ಹದಿನಾರು ಕಾಯಿ ಎಲೆಹಸಿರು. ಹದಿನೇಳನೆಯದರ ಎಳ್ಳು ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ. ಒಂದಿಷ್ಟೂ ಬೆಳೆದಿಲ್ಲ! ಹತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಗೆರೆಗಳು ಇವತ್ತು ಅವನ ಬದುಕಿಗೆ ಒದಗಿದ್ದವು. ಎಡಬಲದ ಎರಡು ಬಿಳಿ ಚೀಲಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು, ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ಹೋದ.

ಕಿಯೆಮ್ ನಡುಮನೆಯಲ್ಲಿ ಕಾಯುತ್ತಿದ್ದ. ಪಕ್ಕದಲ್ಲಿ ತಾಮ್, ಕಣ್ಣಲ್ಲೇ ಏನಾಯಿತು ಎಂದು ಕೇಳುತ್ತ. ಮುದುಕ ಚಿಪ್ಪನ್ನು ಮೇಜಿನ ಮೇಲಿರಿಸಿಕೊಂಡು, ಗಿರಣಿಯ ಕಾಲದ ಭೂತಗನ್ನಡಿ ತೆಗೆದು, ನೂಲಿನ ಎಳೆ ಎಣಿಸುವವನಂತೆ ಒಂದೊಂದೇ ಕಾಯಿಯ ಮೇಲೆ ಬಾಗಿದ.

"ಹದಿನೇಳು. ಸರಿ. ಬಾಗು ಸರಿ. ಬಣ್ಣ..." ಗಾಜು ಹದಿನೇಳನೆಯದರ ತುದಿಯಲ್ಲಿ ನಿಂತಿತು. "ಇಲ್ಲೊಂದು ಚುಕ್ಕೆ ಇದೆ."

"ಎಳ್ಳಿನಷ್ಟು ಯಜಮಾನ್ರೇ. ಅಷ್ಟೇ."

"ಯಾವಾಗಿನಿಂದ?"

ಬಿಯೆನ್ ಸತ್ಯವಂತ. "ಬೆಳಿಗ್ಗೆ ಏಳು ಗಂಟೆಯಿಂದ."

"ಏಳು ಗಂಟೆಗೂ ಇಷ್ಟೇ ಇತ್ತಾ?"

"ಇಷ್ಟೇ ಇತ್ತು!" ಎಂದ ಬಿಯೆನ್, ಹೆಮ್ಮೆಯಿಂದ.

ಕಿಯೆಮ್ ಗಾಜನ್ನು ಕೆಳಗಿಟ್ಟ. "ಹಳದಿ ಶುರುವಾದ ಕಾಯಿ ಒಂಬತ್ತು ಗಂಟೆ ಹೊತ್ತು ಇದ್ದಲ್ಲೇ ಇರುತ್ತಾ? ನನ್ನ ಅರವತ್ತೆಂಟು ವರ್ಷದಲ್ಲಿ ಕಂಡಿಲ್ಲ. ಕೈ ತೋರ್ಸು."

ಬಿಯೆನ್ ಕೈ ಬೆನ್ನ ಹಿಂದೆ ಹೋಯಿತು.

"ತೋರ್ಸು ಅಂದೆ."

ಹತ್ತು ಕಂದು ಬೆರಳುಗಳು ಮುಂದೆ ಬಂದವು.

"ರಸಾಯನದ ಮೇಷ್ಟ್ರು," ಎಂದ ಕಿಯೆಮ್ ನಿಧಾನವಾಗಿ. "ಸಂತೇಲಿ ಹಣ್ಣು ಕೆಡದ ಹಾಗೆ ಔಷಧಿ ಹೊಡಿತಾರೆ ಅಂತ ಊರೆಲ್ಲ ಬಾಯಿ ಬಡ್ಕೋತಿದೆ. ನೀನು ಹಿರಿಯರ ಚಿಪ್ಪಿಗೇ ಹೊಡೆದ್ಯಾ?"

"ಇಲ್ಲ ಯಜಮಾನ್ರೇ! ಕಾಯಿಗೆ ಏನೂ ಹಾಕಿಲ್ಲ. ಸುತ್ತ ಇರೋ ಗಾಳಿಯಿಂದ ಒಂದನ್ನ ತೆಗೆದೆ ಅಷ್ಟೇ. ಅದಕ್ಕೆ ದ್ವಿಬಂಧ ಇರುತ್ತೆ. ಎರಡು ಕೈ..."

"ನನ್ನ ಮುಂದೆ ಕೈಬಾಯಿ ತಿರುಗಿಸಬೇಡ."

"ಅಪ್ಪಾ," ಎಂದಳು ತಾಮ್, ಒಂದು ಹೆಜ್ಜೆ ಮುಂದೆ ಬಂದು. "ಇವರು ಸುಳ್ಳು ಹೇಳೋರಾಗಿದ್ರೆ ಆ ಚುಕ್ಕೆ ಈಗ್ತಾನೆ ಬಂತು ಅನ್ನಬಹುದಿತ್ತಲ್ಲ? ಯಾಕೆ ಹೇಳಲಿಲ್ಲ?"

ಮುದುಕ ಯೋಚಿಸಿದ. ಮಗಳ ಮಾತಿನಲ್ಲಿ ಎಲ್ಲೂ ಎಳೆ ಬಿಟ್ಟಿರಲಿಲ್ಲ. ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಸಂತೆ ಎತ್ತಿಯಾಗಿತ್ತು, ಬೇರೆ ಚಿಪ್ಪು ಸಿಗುವ ಮಾತಿರಲಿಲ್ಲ.

"ಆಯ್ತು," ಎಂದ ಕೊನೆಗೆ. "ತಪಾಸಣೆ ಇಲ್ದೆ ನಾನು ಯಾರನ್ನೂ ತಳ್ಳಿಹಾಕಿಲ್ಲ. ಚಿಪ್ಪು ಪೀಠಕ್ಕೆ ಏರ್ಲಿ. ಮೂರನೇ ದಿನ ಹಿರಿಯರಿಗೆ ಕಾಣಿಕೆಯ ಕಾಗದ ಸುಟ್ಟು ತಟ್ಟೆ ಇಳಿಸ್ತೀವಲ್ಲ, ಆಗ ನೋಡ್ತೀನಿ. ಔಷಧಿ ಹೊಡೆದ ಕಾಯಿ ಹಣ್ಣಾಗಲ್ಲ. ಚಿಪ್ಪು ಹಳದಿ ಆಗಿದ್ರೆ ಅದು ದೇವರು ಮಾಡಿದ ಕಾಯಿ, ಅವತ್ತೇ ಮದುವೆ ಮಾತಾಡೋಣ. ಹಸಿರಾಗೇ ಇದ್ರೆ ಮೇಷ್ಟ್ರು ಮತ್ತೆ ಈ ಗೇಟು ದಾಟೋದು ಬೇಡ."

ಬಿಯೆನ್‌ಗೆ ನಗು ತಡೆಯಲಾಗಲಿಲ್ಲ. ಇಷ್ಟೇನಾ! ಬೆಳಿಗ್ಗೆಯಿಂದ ಎಥಿಲೀನ್ ಎಂಬ ಶತ್ರುವಿನ ಜೊತೆ ಹೊಡೆದಾಡಿದ್ದಾಯಿತು, ಇನ್ನು ಮೂರು ದಿನ ಅದೇ ಬಂಟ. ಸುಣ್ಣದ ಚೀಲ ಜೇಬಿನಲ್ಲಿದೆ. ಚಿಪ್ಪಿನಲ್ಲಿ ಹಳದಿ ಆಗಲೇ ಮೊಳೆತಿದೆ. ಪೀಠದ ಮೇಲೆ ಹಗಲಿರುಳು ಊದುಬತ್ತಿಯ ಹೊಗೆ, ಸುತ್ತ ಸೇಬು, ಮಾಗಿದ ಪಪ್ಪಾಯಿ. ಎರಡನೇ ದಿನಕ್ಕೇ ಹದಿನೇಳೂ ಅರಿಶಿನ ಬಳಿದಂತಾಗುತ್ತವೆ.

"ಒಪ್ಪಿದೆ ಯಜಮಾನ್ರೇ," ಎಂದ, ಎದೆಯುಬ್ಬಿಸಿ. "ನಿಮ್ಮ ಇಷ್ಟದಂತೇ ಆಗ್ಲಿ. ನನ್ನ ಕಡೆಯಿಂದ ಇನ್ನೊಂದು ಪಪ್ಪಾಯಿ ಇಡಿ."

ಕಿಯೆಮ್ ಕೈಕಾಲು ತೊಳೆದು ಬಂದು ಚಿಪ್ಪನ್ನು ಪೀಠಕ್ಕೇರಿಸಿದ. ಮಡಿಲಲ್ಲಿ ಚಕ್ಕೋತ ಕೂರಿಸಿದ. ಸೇಬು, ಪಪ್ಪಾಯಿ, ಪುಟ್ಟ ಕಿತ್ತಳೆಗಳನ್ನು ಜೋಡಿಸಿ ಮೂರು ಊದುಬತ್ತಿ ಹಚ್ಚಿದ. ಹಿರಿಯರು ಮನೆಗೆ ಬಂದಂತಾಯಿತು. ಇನ್ನು ಮೂರನೇ ದಿನದವರೆಗೆ ಆ ಪೀಠದ ಮೇಲಿನ ಕಡ್ಡಿಯನ್ನೂ ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಹಿರಿಯರನ್ನು ಊಟದ ಮಧ್ಯೆ ಎಬ್ಬಿಸಿದಂತೆ.

ತಾಮ್ ಬಾಗಿಲ ಬಳಿ ಅವನ ಪಕ್ಕ ಬಂದು ನಿಂತಳು. "ಬೆಳಿಗ್ಗೆಯಿಂದ ಹಸಿರಾಗಿರ್ಲಿ ಅಂತ ಬೇಡ್ಕೊಂಡೆ. ಇನ್ನು ಹಳದಿ ಆಗ್ಲಿ ಅಂತ ಬೇಡ್ಕೋಬೇಕು. ಹಿರಿಯರಿಗೆ ನನ್ನ ಬುದ್ಧಿ ನೆಟ್ಟಗಿಲ್ಲ ಅನ್ಸುತ್ತೆ."

"ಹೆದರಬೇಡ. ಇದು ರಸಾಯನಶಾಸ್ತ್ರ. ತಪ್ಪೋಕೆ ಸಾಧ್ಯಾನೇ ಇಲ್ಲ."

ಆಗ ಅವನ ಫೋನು ಗುನುಗಿತು. ಲುವಾ ಅಜ್ಜಿ. ಕಿವಿಗೆ ಒತ್ತಿ ಹಿಡಿದ.

"ಏನಾಯ್ತು ಮಗಾ? ಮುದುಕ ಒಪ್ಪಿದ್ನಾ?"

"ಹೆಚ್ಚುಕಡಿಮೆ ಒಪ್ಪಿದ ಹಾಗೇ ಅಜ್ಜಿ."

"ಒಪ್ಪದೇ ಏನು! ನೀನು ಉಳಿಸಿದ ಸುಣ್ಣ ಇತ್ತಲ್ಲ, ಅಷ್ಟನ್ನೂ ಹಸಿರು ಬಟ್ಟೇಲಿ ಹೊಲಿದು ಎರಡು ಸಾಲು ಕಾಯಿ ನಡುವೆ, ಬುಡದಲ್ಲಿ ತುರುಕಿ ಕಟ್ಟಿದೀನಿ. ಎಷ್ಟು ಬಗ್ಗಿ ನೋಡಿದ್ರೂ ಕಾಣಲ್ಲ. ಆ ಚಿಪ್ಪು ಇನ್ನು ಹದಿನೈದು ದಿನ ಅಲುಗಾಡಲ್ಲ, ಹಸಿರು ಅಂದ್ರೆ ಹಸಿರು! ನೆಮ್ಮದಿಯಾಗಿ ಹಬ್ಬ ಮಾಡು."

ಬಿಯೆನ್ ಪೀಠದ ಹತ್ತಿರ ಹೋಗಿ ನೋಡಿದ. ಚಕ್ಕೋತದ ಕೆಳಗೆ, ಕಾಯಿಗಳ ಬುಡದ ಸಂದಿಯಲ್ಲಿ, ಗೊತ್ತಿದ್ದವರಿಗೆ ಮಾತ್ರ ಕಾಣುವ ಹಾಗೆ ಹಸಿರು ದಾರದ ಒಂದು ಗಂಟು ಇತ್ತು. ಕೈ ಚಾಚಿದರೆ ಎಟುಕುವಷ್ಟು ಹತ್ತಿರ. ಪೀಠದ ಪಕ್ಕದ ಕುರ್ಚಿಯಲ್ಲಿ ಕಿಯೆಮ್ ಕೂತಿದ್ದ, ಭೂತಗನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು.

"ಯಜಮಾನ್ರೇ," ಎಂದ ಬಿಯೆನ್, ಫೋನನ್ನು ಜೇಬಿಗೆ ತುರುಕುತ್ತ, "ಈ ತಟ್ಟೇನ ಈಗ ಒಂದೇ ಒಂದು ಸಲ ಇಳಿಸಿದ್ರೆ ಆಗಲ್ವಾ?"

"ಯಾಕೆ? ಮೂರು ದಿನಕ್ಕೆ ಹಣ್ಣಾಗಿರಲ್ಲ ಅಂತ ಭಯಾನಾ?" ಕಿಯೆಮ್ ಮೊದಲ ಸಲ ನಕ್ಕ. "ಹೋಗ್ಲಿ ಬಿಡು. ನೀನು ಧೈರ್ಯವಾಗಿ ಒಪ್ಪಿದೆಯಲ್ಲ, ಅದು ನಂಗೆ ಹಿಡಿಸ್ತು. ನಿನಗೋಸ್ಕರ ಇಳಿಸೋದನ್ನ ಏಳನೇ ದಿನಕ್ಕೆ ಹಾಕ್ತೀನಿ. ಸಾಕಾ?"

ತಾಮ್ ಸಂತೋಷದಿಂದ ಓಡಿ ಬಂದು ಬಿಯೆನ್‌ನ ಕಂದು ಕೈಯನ್ನು ಹಿಡಿದಳು, ಆಮೇಲೆ ಇನ್ನೊಂದು ಕೈಯನ್ನೂ ಹಿಡಿದಳು. ಅವನು ಯಾವ ಕಡೆಗೂ ತಿರುಗಲಾಗದೆ ಅಲ್ಲೇ ನಿಂತ.